ಕಾಡಿನಲ್ಲಿ ಗೂಬೆಯ ಫೋಟೊ: ತಂಗುತಾಣ ಹುಡುಕುವುದರಿಂದ ಚಿತ್ರ ಹಂಚಿಕೊಳ್ಳುವವರೆಗೆ

ಗೂಬೆಯ ಒಳ್ಳೆಯ ಚಿತ್ರಕ್ಕೆ ರಾತ್ರಿ ಬೇಕಿಲ್ಲ. ಸೂರ್ಯ ಹುಟ್ಟಿದ ನಂತರದ ಒಂದೂವರೆ ಗಂಟೆ, ಮುಳುಗುವ ಆಸುಪಾಸಿನ ಮುಕ್ಕಾಲು ಗಂಟೆ, ಹಗಲಲ್ಲಿ ಹಕ್ಕಿ ಯಾವ ಕೊಂಬೆಯ ಮೇಲೆ ಕೂರುತ್ತದೆಂಬ ತಿಳಿವಳಿಕೆ, ಇಷ್ಟಿದ್ದರೆ ಮುಕ್ಕಾಲು ಕೆಲಸ ಆದಂತೆಯೇ. ಟಾರ್ಚು ಹಿಡಿದು ಕತ್ತಲಲ್ಲಿ ಅಲೆದು ತೆಗೆದ ಚಿತ್ರಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬೆಳ್ಳಗೆ ಸುಟ್ಟ ಮುಖ, ಕಪ್ಪು ಹಿನ್ನೆಲೆ ಮತ್ತು ಕಕ್ಕಾಬಿಕ್ಕಿಯಾದ ಹಕ್ಕಿ. ಈ ಮಾರ್ಗದರ್ಶಿ ಕರ್ನಾಟಕದ ಎಲೆಯುದುರುವ ಕಾಡು ಮತ್ತು ಮಲೆನಾಡಿನ ನಿತ್ಯಹಸಿರು ಕಾಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಯಾವ ಗೂಬೆಯಿಂದ ಶುರು ಮಾಡಬೇಕು

ಊರಂಚಿನ ಹಾಲಕ್ಕಿಯನ್ನು ಎಲ್ಲರೂ ಬಲ್ಲರು. ಬುಡುಬುಡಿಕೆಯವರು ನುಡಿಸುವ ಅದೇ 21 ಸೆಂಟಿಮೀಟರಿನ ಚುಕ್ಕೆಗೂಬೆ. ಮನುಷ್ಯರ ಓಡಾಟ ಅದಕ್ಕೆ ಹೊಸದಲ್ಲ. ಡಿಸೆಂಬರ್, ಜನವರಿಯ ಬೆಳಿಗ್ಗೆ ಏಳರಿಂದ ಎಂಟೂವರೆಯವರೆಗೆ ಪೊಟರೆಯ ಬಾಯಲ್ಲಿ ಬಿಸಿಲು ಕಾಯುತ್ತಾ ಕೂತಿರುತ್ತದೆ. ಕೈ ಪಳಗಲು ಇದಕ್ಕಿಂತ ಒಳ್ಳೆಯ ಹಕ್ಕಿ ಇನ್ನೊಂದಿಲ್ಲ. ಇದರ ಮೇಲೆ ತಿಂಗಳುಗಟ್ಟಲೆ ಅಭ್ಯಾಸ ಮಾಡದೆ ಕಾಡಿಗೆ ಹೋಗಬೇಡಿ.

ಕಾಡಿನೊಳಗೆ ಮೊದಲ ಆಯ್ಕೆ ಜಂಗಲ್ ಔಲೆಟ್. ಗಾತ್ರದಲ್ಲಿ ಹಾಲಕ್ಕಿಯಷ್ಟೇ, ಮೈತುಂಬ ಸಣ್ಣ ಅಡ್ಡಪಟ್ಟೆ. ಮೋಡ ಮುಸುಕಿದ ದಿನ ನಡುಹಗಲಲ್ಲೂ ಕೂಗುತ್ತದೆ, ಬೇಟೆಯಾಡುತ್ತದೆ. ಭದ್ರಾ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ದಾಂಡೇಲಿ, ಈ ಎಲ್ಲ ಕಡೆ ಇದೆ. ಹಗಲಲ್ಲಿ ಎಚ್ಚರವಿರುವ ಕಾಡಿನ ಗೂಬೆ ಸಿಕ್ಕಿದರೆ ಕ್ಯಾಮೆರಾದ ಅರ್ಧ ಕಷ್ಟ ತಪ್ಪಿತು.

ಮೀನುಗೂಬೆ ಎರಡನೆಯದು. ಅರ್ಧ ಮೀಟರಿಗೂ ಮೀರಿದ ದೊಡ್ಡ ಹಕ್ಕಿ. ಕಬಿನಿ ಹಿನ್ನೀರಿನ ಬದಿಯಲ್ಲಿ, ಕಾವೇರಿ ದಂಡೆಯ ಹೊಳೆಮತ್ತಿ ಮತ್ತು ಮಾವಿನ ಮರಗಳಲ್ಲಿ ಜೋಡಿಯಾಗಿ ಇರುತ್ತದೆ. ನೀರಿನಿಂದ ಹೆಚ್ಚು ದೂರ ಹೋಗದ ಕಾರಣ ಹುಡುಕುವ ಜಾಗ ಕಿರಿದಾಗುತ್ತದೆ. ಮಚ್ಚೆಯ ಕಾಡುಗೂಬೆ ಅಂದರೆ ಮಾಟಲ್ಡ್ ವುಡ್ ಔಲ್ ದಟ್ಟ ಕಾಡಿಗಿಂತ ಹಳೆಯ ಮಾವಿನ ತೋಪು, ಹುಣಸೆ, ಆಲದ ಮರಗಳನ್ನು ಇಷ್ಟಪಡುತ್ತದೆ. ಹೊತ್ತು ಮುಳುಗಿದ ಮೇಲೆ ಅದು ನಡುಗುವ ದನಿಯಲ್ಲಿ ಎಳೆದೆಳೆದು ಕೂಗುವುದನ್ನು ಕೇಳಿ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುವುದುಂಟು. ಕಿವಿಗರಿಯ ಪುಟ್ಟ ಸ್ಕಾಪ್ಸ್ ಗೂಬೆಗಳು ಬಿದಿರು ಮೆಳೆ ಮತ್ತು ದಟ್ಟ ಎಲೆಯ ನಡುವೆ ತೊಗಟೆಯಂತೆ ಕೂತಿರುತ್ತವೆ. ಅವು ಕಣ್ಣಿಗೆ ಬಿದ್ದವೆಂದರೆ ಹೆಚ್ಚಿನ ಪಾಲು ಅದೃಷ್ಟವೇ. ಕಂದು ಕಾಡುಗೂಬೆ, ಚುಕ್ಕೆಹೊಟ್ಟೆಯ ಹದ್ದುಗೂಬೆ ಎರಡೂ ಪಶ್ಚಿಮಘಟ್ಟದ ಕತ್ತಲೆಗಾಡಿನವು. ಸ್ಥಳೀಯ ಮಾರ್ಗದರ್ಶಿಯ ನೆರವಿಲ್ಲದೆ ಅವುಗಳ ಹಿಂದೆ ಬೀಳುವುದು ದಂಡ. ಇನ್ನು ಕಿತ್ತಳೆ ಕಣ್ಣಿನ ಕೊಂಬಿನ ಗೂಬೆ ಹಂಪಿ, ದರೋಜಿ ಕಡೆಯ ಬಂಡೆಗುಡ್ಡಗಳ ಹಕ್ಕಿ. ಅದರ ವಿಧಾನವೇ ಬೇರೆ, ಇಲ್ಲಿ ಬಿಟ್ಟಿದ್ದೇವೆ.

ಕಾಲ ಮತ್ತು ಅನುಮತಿ

ತೇಗ, ಮತ್ತಿ, ಹೊನ್ನೆ ಎಲೆ ಉದುರಿಸಿ ಕಾಡು ಬಯಲಾಗುವ ಜನವರಿಯಿಂದ ಮಾರ್ಚ್ ತಂಗುತಾಣಗಳು ಕಣ್ಣಿಗೆ ಬೀಳುವ ಕಾಲ. ಎಡವಟ್ಟೆಂದರೆ, ನಮ್ಮ ಬಹುತೇಕ ಗೂಬೆಗಳು ಮೊಟ್ಟೆಯಿಟ್ಟು ಮರಿ ಮಾಡುವುದೂ ಹೆಚ್ಚುಕಡಿಮೆ ಇದೇ ನವೆಂಬರ್–ಏಪ್ರಿಲ್ ಅವಧಿಯಲ್ಲಿ. ಒಂದೇ ಪೊಟರೆಗೆ ಹಕ್ಕಿ ಮತ್ತೆ ಮತ್ತೆ ಹೋಗಿಬರುತ್ತಿದ್ದರೆ, ಬಾಯಲ್ಲಿ ಓತಿಯೋ ಇಲಿಯೋ ಹಿಡಿದು ನಿಮ್ಮನ್ನು ನೋಡುತ್ತಾ ಒಳಗೆ ಹೋಗದೆ ಕೂತಿದ್ದರೆ, ಅದು ಗೂಡು. ಅಲ್ಲಿಂದ ಹೊರಟುಬಿಡಿ. ಅಕ್ಟೋಬರ್ ಮತ್ತು ನವೆಂಬರ್ ಮೊದಲ ಭಾಗದಲ್ಲಿ ಎಲೆ ಹೆಚ್ಚು, ಆದರೆ ಮಳೆ ತೊಳೆದ ಕಾಡಿನ ಬೆಳಕು ಮೃದು, ಗೂಡಿನ ಗೊಡವೆಯೂ ಕಡಿಮೆ. ಮೇ ತಿಂಗಳ ಮೊದಲ ಮಳೆಗಳ ಮರುಸಂಜೆ ಗೆದ್ದಲು ರೆಕ್ಕೆಕಟ್ಟಿ ಏಳುವಾಗ ಸಣ್ಣ ಗೂಬೆಗಳು ಇನ್ನೂ ಬೆಳಕಿರುವಾಗಲೇ ಬೇಟೆಗಿಳಿಯುತ್ತವೆ. ಅದು ವರ್ಷಕ್ಕೆ ನಾಲ್ಕಾರು ದಿನ ಸಿಗುವ ಅವಕಾಶ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬುದರ ವ್ಯಾಖ್ಯೆಯೊಳಗೆ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ. ಪೊಟರೆಯೊಳಗೆ ಫೋನ್ ತೂರಿಸಿ ಮರಿಗಳ ಚಿತ್ರ ತೆಗೆದವರು ಕಾನೂನಿನ ಕಣ್ಣಲ್ಲಿ ಬೇಟೆಗಾರರೇ. ಅಭಯಾರಣ್ಯದೊಳಗೆ ಛಾಯಾಗ್ರಹಣಕ್ಕೆ ಅದೇ ಕಾಯ್ದೆಯ 28ನೇ ಸೆಕ್ಷನ್ನಿನಡಿ ಪರವಾನಗಿ ಬೇಕು. ಪ್ರವಾಸಿ ವಲಯದ ಸಫಾರಿಗೆ ಟಿಕೆಟ್ಟು ಮತ್ತು ಕ್ಯಾಮೆರಾ ಶುಲ್ಕ ಸಾಕಾಗುತ್ತದೆ; ಉದ್ದನೆಯ ಲೆನ್ಸಿಗೆ ದರ ಬೇರೆ ಇರಬಹುದು, ಬುಕ್ ಮಾಡುವಾಗಲೇ ವಿಚಾರಿಸಿ. ಮೀಸಲು ಅರಣ್ಯಕ್ಕೆ ಹೇಳದೆ ಕೇಳದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೇ ನಿರ್ಬಂಧವಿದೆ. ಹಗಲಲ್ಲೂ ಅಲ್ಲಿ ಇಳಿದು ಟ್ರೈಪಾಡ್ ಹೂಡುವ ಹಾಗಿಲ್ಲ. ಕಾಲ್ನಡಿಗೆಯ ಕೆಲಸಕ್ಕೆ ಕಾಫಿ ತೋಟ, ದೇವರಕಾಡಿನ ಅಂಚು, ಊರಿನ ತೋಪು, ಹೋಂಸ್ಟೇ ಸುತ್ತಲಿನ ಬೆಟ್ಟಗಳೇ ವಾಸಿ. ಆನೆ ಓಡಾಡುವ ಕಡೆ ಸಂಜೆ ಐದರ ಮೇಲೆ ಒಬ್ಬರೇ ಇರಬೇಡಿ.

ತಂಗುತಾಣ ಹುಡುಕುವುದು

ಕೆಲಸದ ತಿರುಳು ಇದೇ, ಕ್ಯಾಮೆರಾ ಆಮೇಲಿನದು. ಮೊದಲ ಎರಡು ಮೂರು ಭೇಟಿಗೆ ಲೆನ್ಸನ್ನು ಮನೆಯಲ್ಲೇ ಬಿಟ್ಟು 8x42 ದುರ್ಬೀನು, ಒಂದು ಪುಸ್ತಕ, ಪೆನ್ಸಿಲ್ ಒಯ್ಯಿರಿ.

ಶುರು ಕಿವಿಯಿಂದ. ಸೂರ್ಯ ಮುಳುಗುವ ಕಾಲು ಗಂಟೆ ಮೊದಲು ಕಾಡಿನ ಅಂಚಲ್ಲಿ ಒಂದೇ ಕಡೆ ಕೂತು ಮುಕ್ಕಾಲು ಗಂಟೆ ಆಲಿಸಿ. ಕೂಗಿನ ದಿಕ್ಕನ್ನೂ ಹೊತ್ತನ್ನೂ ಬರೆದುಕೊಳ್ಳಿ. ದಿನದ ಮೊದಲ ಕೂಗು ಸಾಮಾನ್ಯವಾಗಿ ತಂಗುಕೊಂಬೆಯಿಂದಲೋ ಅದರ ಪಕ್ಕದ ಮರದಿಂದಲೋ ಬರುತ್ತದೆ, ಆಮೇಲಿನವು ಬೇಟೆಯ ಜಾಗದಿಂದ. ಹಾಗಾಗಿ ಬೇಕಾದದ್ದು ಮೊದಲನೆಯದು. ಮರುದಿನ ನೂರು ಮೀಟರು ಸರಿದು ಕೂತು ಅದೇ ಕೂಗಿಗೆ ಇನ್ನೊಂದು ದಿಕ್ಕು ಹಿಡಿಯಿರಿ. ಎರಡು ಗೆರೆ ಕೂಡುವಲ್ಲಿ ನಿಮ್ಮ ಮರವಿದೆ. ಜಂಗಲ್ ಔಲೆಟ್ಟಿನದು ಮೆಲ್ಲಗೆ ಶುರುವಾಗಿ ಚುರುಕಾಗುತ್ತಾ ಹೋಗುವ ‘ಪ್ರಾವ್ ಪ್ರಾವ್ ಪ್ರಾವ್’. ಇಂಡಿಯನ್ ಸ್ಕಾಪ್ಸ್ ಕಪ್ಪೆಯ ದನಿಯಲ್ಲಿ ‘ವುಕ್’ ಎಂದು ಬಿಟ್ಟು ಬಿಟ್ಟು ಕೇಳುತ್ತದೆ. ಓರಿಯಂಟಲ್ ಸ್ಕಾಪ್ಸಿನದು ತಾಳ ಹಾಕಿದ ಹಾಗೆ ಮೂರು ಮಾತ್ರೆ, ‘ಟುಕ್ ಟೊಕ್–ಟೊರೊಕ್’. ಕಂದು ಗಿಡುಗಗೂಬೆಯ ‘ಕೂ–ವುಕ್’ ಬಿಡುವಿಲ್ಲದೆ ಹತ್ತಿಪ್ಪತ್ತು ಸಲ ಬರುತ್ತದೆ. ಮೀನುಗೂಬೆಯದು ಎದೆಯಾಳದ ‘ಬೂಮ್’, ನೀರಿನ ಮೇಲೆ ತೇಲಿ ಬರುವುದರಿಂದ ದೂರ ಅಳೆಯುವುದು ಕಷ್ಟ.

ಹಗಲಲ್ಲಿ ಹುಡುಕುವಾಗ ಬೇರೆ ಹಕ್ಕಿಗಳ ಗಲಾಟೆಯನ್ನು ನಂಬಿ. ಕಾಜಾಣ, ಪಿಕಳಾರ, ಹರಟೆಮಲ್ಲ, ಮಡಿವಾಳ ಎಲ್ಲ ಒಂದೇ ಪೊದೆಯ ಸುತ್ತ ಸೇರಿ ಬೈಯುತ್ತಿದ್ದರೆ ಅಲ್ಲಿ ಹಾವಿರಬೇಕು, ಇಲ್ಲವೇ ಗೂಬೆ. ಬೈಗುಳದ ಗುರಿ ನೆಲದ ಕಡೆಗಿದ್ದರೆ ಹಾವು. ಕಾಂಡಕ್ಕೆ ಅಂಟಿದ ಎಲೆಮರೆಯ ಕಡೆಗಿದ್ದು ಹತ್ತು ನಿಮಿಷ ಕಳೆದರೂ ಜಾಗ ಬದಲಾಗದಿದ್ದರೆ ಹೆಚ್ಚಾಗಿ ಗೂಬೆ.

ಮೂರನೆಯದು ನೆಲ. ಒಂದೇ ಕೊಂಬೆಯ ಕೆಳಗೆ ಸುಣ್ಣ ಚೆಲ್ಲಿದಂತೆ ಬಿಳಿ ಹಿಕ್ಕೆ, ಪಕ್ಕದಲ್ಲಿ ಬೂದು ಬಣ್ಣದ ಉಂಡೆಗಳು. ಗೂಬೆ ಅರಗದ ಕೂದಲು, ಮೂಳೆಗಳನ್ನು ಉಂಡೆ ಮಾಡಿ ಕಕ್ಕುತ್ತದೆ. ಹೆಬ್ಬೆರಳಿನ ಗಾತ್ರದ್ದು, ಇಲಿಯ ತಲೆಬುರುಡೆ ಇರುವುದು ದೊಡ್ಡ ಗೂಬೆಯದು. ಜೀರುಂಡೆಯ ಚಿಪ್ಪು ಮಿನುಗುವ ಸಣ್ಣ ಉಂಡೆ ಹಾಲಕ್ಕಿ ಅಥವಾ ಜಂಗಲ್ ಔಲೆಟ್‌ನದು. ಮೀನುಗೂಬೆಯದು ಏಡಿಚಿಪ್ಪು ಮತ್ತು ಮೀನುಮೂಳೆಯ ಸಡಿಲ ಉಂಡೆ, ಬಿದ್ದೊಡನೆ ಚೂರಾಗುವುದರಿಂದ ಪೂರ್ತಿ ಸಿಗುವುದು ಅಪರೂಪ. ಉಂಡೆ ಒದ್ದೆಯಾಗಿ ಹೊಳೆಯುತ್ತಿದ್ದರೆ ಹಕ್ಕಿ ಇವತ್ತೋ ನಿನ್ನೆಯೋ ಅಲ್ಲಿತ್ತು. ಒಣಗಿ ಬೂದಿಯಾಗಿದ್ದರೆ ಜಾಗ ಬಿಟ್ಟಿರಬಹುದು. ಕುರುಹು ಸಿಕ್ಕೊಡನೆ ಮರದ ಬುಡಕ್ಕೆ ಹೋಗಿ ಕತ್ತೆತ್ತುವುದು ಎಲ್ಲರೂ ಮಾಡುವ ತಪ್ಪು, ಹಕ್ಕಿ ಹಾರಿಹೋಗುವುದೇ ಆಗ. ಹದಿನೈದಿಪ್ಪತ್ತು ಮೀಟರು ಹಿಂದೆ ಸರಿದು, ಕಾಂಡದಿಂದ ಶುರು ಮಾಡಿ ಒಂದೊಂದೇ ಕೊಂಬೆಯನ್ನು ದುರ್ಬೀನಿನಲ್ಲಿ ಗುಡಿಸಿಕೊಂಡು ಬನ್ನಿ. ಕವಲಿನಲ್ಲಿರುವ ಗಂಟು, ಮುರಿದ ಮೋಟು ಕೊಂಬೆ ಎಂದು ತಳ್ಳಿಹಾಕಿದ್ದನ್ನು ಎರಡನೇ ಸಲ ನೋಡಿ.

ಮಲೆನಾಡಿನಲ್ಲಿ ನೆಲ ಹುಡುಕುವವರಿಗೆ ಇನ್ನೊಂದು ಮಾತು. ಮಂಗನ ಕಾಯಿಲೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಿದ್ದು, ಹಬ್ಬುವುದು ಉಣುಗುಗಳಿಂದ, ಅದರ ಕಾಲ ಡಿಸೆಂಬರಿನಿಂದ ಮೇ. ಗೂಬೆ ಹುಡುಕುವ ಕಾಲವೂ ಅದೇ! ತರಗೆಲೆಯ ಮೇಲೆ ಕೂರಬೇಡಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಆರೋಗ್ಯ ಇಲಾಖೆ ಕೊಡುವ, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿ, ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಹತ್ತು ದಿನದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ಸಲಕರಣೆ

600 ಎಂಎಂವರೆಗೆ ಹೋಗುವ ಜೂಮ್ ಲೆನ್ಸು ಸಾಕು. 150–600 ಅಥವಾ 200–600, ಎಫ್/6.3ರದ್ದು. ಬೆಲೆ ಹಲವು ಪಟ್ಟಾಗುವ 600 ಎಫ್/4 ಇದ್ದರೆ ಸುಮಾರು 1.3 ಸ್ಟಾಪ್ ಹೆಚ್ಚು, ಅಂದರೆ ಎರಡೂವರೆ ಪಟ್ಟು ಬೆಳಕು ಸಿಗುತ್ತದೆ. ಆದರೆ ಅದರ ಭಾರಕ್ಕೆ ಕಾಡಿನಲ್ಲಿ ನಡೆಯುವ ದೂರವೇ ಕಮ್ಮಿಯಾಗಿ, ಸಿಗುವ ಗೂಬೆಗಳೂ ಕಮ್ಮಿಯಾಗುತ್ತವೆ. ಲೆಕ್ಕ ಹೀಗಿದೆ: ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 600 ಎಂಎಂ ಹಿಡಿದು 15 ಮೀಟರು ದೂರದಿಂದ ತೆಗೆದರೆ 21 ಸೆಂಟಿಮೀಟರಿನ ಹಕ್ಕಿ ಚಿತ್ರದ ಎತ್ತರದ ಮೂರನೇ ಒಂದು ಭಾಗ ತುಂಬುತ್ತದೆ, ಅದಕ್ಕಿಂತ ಚಿಕ್ಕದಾದ ಎಪಿಎಸ್‌–ಸಿ ಸೆನ್ಸರಿನಲ್ಲಿ ಅರ್ಧಕ್ಕೂ ಹೆಚ್ಚು. ಮೀನುಗೂಬೆಯಾದರೆ 30 ಮೀಟರಿನಿಂದಲೇ ಅರ್ಧದ ಹತ್ತಿರ. ಇದಕ್ಕಿಂತ ಸಮೀಪ ಹೋಗುವ ಅಗತ್ಯವೇ ಇಲ್ಲ.

ಲೆನ್ಸಿಗಿಂತ ಟ್ರೈಪಾಡಿನಲ್ಲಿ ಜಿಪುಣತನ ಮಾಡುವವರೇ ಜಾಸ್ತಿ. ಗೂಬೆ ಅಲುಗದೆ ಕೂರುತ್ತದೆ, ಹಾಗಾಗಿ ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲೂ ಹರಿತ ಚಿತ್ರ ಸಾಧ್ಯ, ಕ್ಯಾಮೆರಾ ಅಲುಗದಿದ್ದರೆ. ನಡುವಿನ ಕಂಬ ಎತ್ತದೆಯೇ ಎದೆಯೆತ್ತರ ಬರುವ ಕಾರ್ಬನ್ ಕಾಲುಗಳು, ಅದರ ಮೇಲೆ ಭಾರದ ಲೆನ್ಸನ್ನು ಸಲೀಸಾಗಿ ತಿರುಗಿಸಲು ಬಿಡುವ ಗಿಂಬಲ್ ತಲೆ. ಜೀಪಿಗೆ ಬೀನ್‌ಬ್ಯಾಗ್: ಖಾಲಿ ಚೀಲ ಒಯ್ದು ಹೋದ ಊರಿನ ಅಂಗಡಿಯಲ್ಲಿ ಎರಡು ಮೂರು ಕೆಜಿ ರಾಗಿಯನ್ನೋ ಅಲಸಂದೆಯನ್ನೋ ತುಂಬಿಸಿಕೊಳ್ಳಿ. ರಾಗಿ ಲೆನ್ಸಿನ ಆಕಾರಕ್ಕೆ ಚೆನ್ನಾಗಿ ಒಗ್ಗುತ್ತದೆ, ವಾಪಸು ಬರುವಾಗ ಯಾರಿಗಾದರೂ ಕೊಡಬಹುದು.

ಕ್ಯಾಮೆರಾದಲ್ಲಿ ಹೊರಡುವ ಮುಂಚೆಯೇ ಆಫ್ ಮಾಡಬೇಕಾದವು: ಬೀಪ್ ಸದ್ದು, ಫೋಕಸ್ ನೆರವಿನ ಕೆಂಪು ಅಥವಾ ಹಸಿರು ದೀಪ, ಚಿತ್ರ ತೆಗೆದೊಡನೆ ಹಿಂದಿನ ಪರದೆ ಬೆಳಗುವುದು. ಮುಸ್ಸಂಜೆಯಲ್ಲಿ ಆ ಪರದೆಯ ಬೆಳಕು ನಿಮ್ಮ ಮುಖವನ್ನೇ ದೀಪ ಮಾಡುತ್ತದೆ. ವೆಲ್ಕ್ರೋ ಇರುವ ಚೀಲ ಬೇಡ. ಗಸಗಸ ಸದ್ದು ಮಾಡುವ ನೈಲಾನ್ ಜಾಕೆಟ್ ಕೂಡ ಬೇಡ.

ಹತ್ತಿರ ಹೋಗುವ ಕ್ರಮ

ಕಂಡ ಜಾಗದಿಂದಲೇ ಮೊದಲ ಚಿತ್ರ ತೆಗೆದುಬಿಡಿ, ಎಷ್ಟೇ ದೂರವಿರಲಿ. ಆಮೇಲೆ ಐದು ಹೆಜ್ಜೆ ಇಟ್ಟು ಒಂದು ನಿಮಿಷ ನಿಲ್ಲಿ. ಹಕ್ಕಿಯ ಕಡೆಗೆ ನೆಟ್ಟ ನೇರ ನಡೆಯದೆ, ಅದನ್ನು ದಾಟಿಹೋಗುವವರ ಹಾಗೆ ಓರೆಯಾಗಿ ಸಾಗಿ. ದಿಟ್ಟಿಸಿ ನೋಡಬೇಡಿ. ಟ್ರೈಪಾಡಿನ ಕಾಲುಗಳನ್ನು ದೂರದಲ್ಲೇ ಬಿಚ್ಚಿಟ್ಟುಕೊಂಡಿರಿ, ಹಕ್ಕಿಯ ಮುಂದೆ ನಿಂತು ಕಟಕಟ ಎಳೆಯಬಾರದು. ಇಬ್ಬರಿಗಿಂತ ಹೆಚ್ಚು ಜನ ಒಂದು ಸಲಕ್ಕೆ ಬೇಡ.

ಈಗ ನಿಜವಾಗಿ ಕಲಿಯಬೇಕಾದ ವಿಷಯ, ಹಕ್ಕಿಯ ಮೈ ಏನು ಹೇಳುತ್ತಿದೆ ಎಂಬುದು. ನೆಮ್ಮದಿಯಲ್ಲಿರುವ ಗೂಬೆ ಉಬ್ಬಿ ದುಂಡಗಿರುತ್ತದೆ, ಒಂಟಿಕಾಲಲ್ಲಿ ನಿಂತಿರುತ್ತದೆ, ಕಣ್ಣು ಪೂರ್ತಿ ಮುಚ್ಚಿರುತ್ತದೆ, ಇಲ್ಲವೇ ನಿಮ್ಮನ್ನು ಒಮ್ಮೆ ನೋಡಿ ಬೇರೆಡೆ ತಿರುಗುತ್ತದೆ. ಭಯಗೊಂಡದ್ದು ಗರಿಗಳನ್ನು ಮೈಗೆ ಒತ್ತಿ ಎತ್ತರಕ್ಕೆ, ತೆಳ್ಳಗೆ ನಿಲ್ಲುತ್ತದೆ. ಕಿವಿಗರಿ ಇರುವ ಜಾತಿಯಾದರೆ ಅವು ನೆಟ್ಟಗಾಗುತ್ತವೆ. ಕಣ್ಣು ಸೀಳಿನಷ್ಟು ಮಾತ್ರ ತೆರೆದು ಆ ಸೀಳಿನಿಂದ ನಿಮ್ಮನ್ನೇ ನೋಡುತ್ತಿರುತ್ತದೆ. ‘ಸ್ಕಾಪ್ಸ್ ಗೂಬೆ ನಿದ್ದೆಯಲ್ಲಿ’ ಎಂಬ ಅಡಿಬರಹ ಹೊತ್ತ ಅರ್ಧಕ್ಕರ್ಧ ಚಿತ್ರಗಳು ನಿದ್ದೆಯದಲ್ಲ, ಹೆದರಿ ಕೊರಡಿನಂತೆ ನಿಂತ ಹಕ್ಕಿಯವು. ಹಾಲಕ್ಕಿ ತಲೆ ಕುಣಿಸತೊಡಗಿದರೆ, ದೊಡ್ಡ ಗೂಬೆ ಮುಂದಕ್ಕೆ ಬಾಗಿ ರೆಕ್ಕೆ ಸಡಿಲಿಸಿದರೆ, ಯಾವುದೇ ಗೂಬೆ ಕೊಕ್ಕು ಕಟಕರಿಸಿದರೆ ನೀವು ಗೆರೆ ದಾಟಿದ್ದೀರಿ. ಎರಡು ಪಟ್ಟು ದೂರಕ್ಕೆ ಹಿಂದೆ ಸರಿಯಿರಿ. ಹತ್ತು ನಿಮಿಷದಲ್ಲಿ ಮೈ ಮತ್ತೆ ದುಂಡಗಾಗದಿದ್ದರೆ ಅವತ್ತಿಗೆ ಮುಗಿಯಿತು. ಹಗಲಲ್ಲಿ ಎಬ್ಬಿಸಿದ ಗೂಬೆಯ ಬೆನ್ನಿಗೆ ಕಾಗೆಗಳು ಬೀಳುತ್ತವೆ. ಆ ತಂಗುತಾಣಕ್ಕೆ ಅದು ಮತ್ತೆ ಬಾರದೆ ಇರಬಹುದು, ನಿಮ್ಮ ವಾರಗಳ ಹುಡುಕಾಟವೂ ಅದರ ಜೊತೆಗೇ ಹೋಯಿತು. ಎಲ್ಲ ಸರಿಯಿದ್ದರೂ ಹಗಲಿನ ತಂಗುತಾಣದ ಬಳಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ.

ನಿಲ್ಲುವ ಜಾಗ ಆರಿಸುವಾಗ ಕೋನ ನೋಡಿ. ಹತ್ತು ಮೀಟರು ಎತ್ತರದ ಕೊಂಬೆಯನ್ನು ಹತ್ತು ಮೀಟರು ದೂರದಿಂದ ನೋಡಿದರೆ ಸುಮಾರು 40 ಡಿಗ್ರಿ ಕತ್ತೆತ್ತಬೇಕು. ಹಕ್ಕಿಯ ಹೊಟ್ಟೆ, ಹಿಂದೆ ಬೆಳ್ಳನೆ ಆಕಾಶ, ಇಷ್ಟೇ ಸಿಗುವುದು. 30 ಮೀಟರಿಗೆ ಸರಿದರೆ ಕೋನ 16 ಡಿಗ್ರಿಗೆ ಇಳಿಯುತ್ತದೆ, ಹಿಂದೆ ಹಸಿರು ಬರುತ್ತದೆ, ಮುಖ ಮುಖದಂತೆ ಕಾಣುತ್ತದೆ. ಇಳಿಜಾರಿದ್ದರೆ ಮೇಲಿನ ಮಗ್ಗುಲಿಗೆ ಹೋಗಿ. ಘಟ್ಟದ ಕಾಫಿ ತೋಟಗಳಲ್ಲಿ ಹಕ್ಕಿಯ ಕಣ್ಣಿನ ಮಟ್ಟ ಸಿಗುವುದು ಹೀಗೆಯೇ. ಅಡ್ಡಬಂದ ಎಲೆ, ಕಡ್ಡಿ ಮುರಿಯಬೇಡಿ. ಆ ಎಲೆಯ ಮರೆಗೇ ಅದು ಅಲ್ಲಿ ಕೂತಿರುವುದು.

ಸೆಟ್ಟಿಂಗುಗಳು

ಮ್ಯಾನುಯಲ್ ಮೋಡಿನಲ್ಲಿ ಅಪರ್ಚರು ಪೂರ್ತಿ ತೆರೆದು, ಶಟರ್ ವೇಗ ನೀವೇ ಹಾಕಿ, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯಾದ ಐಎಸ್‌ಒ ಮಾತ್ರ ಆಟೋ ಬಿಡಿ. ಎಲೆಯುದುರಿದ ಕಾಡಿನ ನೆರಳಲ್ಲಿ ಎಫ್/6.3, ಐಎಸ್‌ಒ 1600ಕ್ಕೆ ಸೆಕೆಂಡಿನ 1/200 ಸಿಗುತ್ತದೆ. ನಿತ್ಯಹಸಿರು ಕಾಡಿನೊಳಗೆ 3200ಕ್ಕೆ 1/100. ಹೊತ್ತು ಮುಳುಗಿ ಹತ್ತು ನಿಮಿಷಕ್ಕೆ ಮರದಡಿ 6400ಕ್ಕೂ 1/50 ಮಾತ್ರ. ಈ ಮೂರು ಸಂಖ್ಯೆ ನೆನಪಿದ್ದರೆ ಕತ್ತಲಲ್ಲಿ ತಡಕಾಡುವುದು ತಪ್ಪುತ್ತದೆ.

ನಿಧಾನ ಶಟರಿನಲ್ಲಿ ಒಂದೇ ಚಿತ್ರ ತೆಗೆದು ನಂಬಬೇಡಿ. ಎಂಟು ಹತ್ತು ಚಿತ್ರಗಳ ಸರಣಿ ತೆಗೆಯಿರಿ, ಬೆರಳು ಒತ್ತುವ ಅಲುಗಾಟ ಮೊದಲ ಎರಡರಲ್ಲೇ ಕಳೆದುಹೋಗುತ್ತದೆ. ರಿಮೋಟ್ ಅಥವಾ ಎರಡು ಸೆಕೆಂಡಿನ ಟೈಮರ್ ಇನ್ನೂ ಒಳ್ಳೆಯದು. ಡಿಎಸ್‌ಎಲ್‌ಆರ್ ಆದರೆ ಲೈವ್‌ವ್ಯೂ ಹಾಕಿ, ಒಳಗಿನ ಕನ್ನಡಿ ಮೇಲೇಳುವ ಏಟು 1/15ರಿಂದ 1/60ರ ನಡುವೆಯೇ ಹೆಚ್ಚು ಕಾಡುವುದು. ಮಿರರ್‌ಲೆಸ್ಸಿನಲ್ಲಿ ಕೂತ ಹಕ್ಕಿಗೆ ಎಲೆಕ್ಟ್ರಾನಿಕ್ ಶಟರ್ ಸದ್ದಿಲ್ಲದ ವರ. ಹಾರುವ ಹಕ್ಕಿಗೆ ಅದೇ ಶಟರು ರೆಕ್ಕೆ ತಿರುಚಿದಂತೆ ತೋರಿಸಬಹುದು.

ಕ್ಯಾಮೆರಾದ ಬೆಳಕಿನ ಮೀಟರು ಮೋಸ ಹೋಗುವ ಎರಡು ಸಂದರ್ಭಗಳಿವೆ. ಹಿಂದೆ ಬೆಳಗುವ ಆಕಾಶವಿದ್ದರೆ ಹಕ್ಕಿ ಕಪ್ಪಾಗುತ್ತದೆ, ಎಕ್ಸ್‌ಪೋಶರ್ ಕಾಂಪೆನ್ಸೇಶನ್ +1ರಿಂದ +1.7ರವರೆಗೆ ಏರಿಸಿ. ಕಪ್ಪು ಕಾಂಡ, ಪೊಟರೆಯ ಹಿನ್ನೆಲೆಯಲ್ಲಿ ಬಿಳಿ ಚುಕ್ಕೆಗಳು ಸುಟ್ಟುಹೋಗುತ್ತವೆ, ಅರ್ಧ ಸ್ಟಾಪಿನಷ್ಟು ಇಳಿಸಿ. ಎಲೆಗಳ ನಡುವಿಂದ ಬಿಸಿಲು ಚುಕ್ಕೆಚುಕ್ಕೆಯಾಗಿ ಮೈಮೇಲೆ ಬಿದ್ದಿದ್ದರೆ ಯಾವ ಸೆಟ್ಟಿಂಗೂ ಉಳಿಸದು. ಮೋಡ ಬರುವವರೆಗೆ ಕಾಯಿರಿ, ಇಲ್ಲವೇ ಮರುದಿನ ಬನ್ನಿ.

ಫೋಕಸಿಗೆ ಒಂದೇ ಸಣ್ಣ ಬಿಂದು, ಶಟರ್ ಗುಂಡಿಯ ಬದಲು ಕ್ಯಾಮೆರಾದ ಹಿಂಬದಿಯ ಗುಂಡಿಯಿಂದ ಫೋಕಸ್. ಕಣ್ಣು ಗುರುತಿಸುವ ಸೌಲಭ್ಯ ತೆರೆದ ಕೊಂಬೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕಣ್ಣು ಮುಚ್ಚಿದ ಗೂಬೆಗೆ, ಎಲೆಮರೆಯ ಗೂಬೆಗೆ ಅದು ತಡವರಿಸಿ ಮುಂದಿನ ಎಲೆಗೆ ಜಿಗಿಯುತ್ತದೆ. ಅಂಥ ಕಡೆ ಮ್ಯಾನುಯಲ್ ಫೋಕಸಿಗೆ ತಿರುಗಿಸಿ, ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಕಣ್ಣಿನ ಸುತ್ತಲ ಸಣ್ಣ ಗರಿಗಳ ಮೇಲೆ ಉಂಗುರ ತಿರುಗಿಸಿ. ಫುಲ್‌ಫ್ರೇಮಿನಲ್ಲಿ 600 ಎಂಎಂ, ಎಫ್/6.3ಕ್ಕೆ 15 ಮೀಟರಿನಲ್ಲಿ ಸಿಗುವ ಹರಿತದ ಆಳ ಸುಮಾರು 24 ಸೆಂಟಿಮೀಟರು, ಹತ್ತು ಮೀಟರಿನಲ್ಲಿ ಹತ್ತೇ ಸೆಂಟಿಮೀಟರು. ಹತ್ತಿರ ಹೋದಷ್ಟೂ ಫೋಕಸ್ ತಪ್ಪುವುದು ಹೆಚ್ಚು, ದೂರ ನಿಲ್ಲಲು ಇದೂ ಒಂದು ಕಾರಣ.

ಹಾಳಾದ ಚಿತ್ರಕ್ಕೆ ಕ್ಯಾಮೆರಾದ ಮೇಲೆ ಗೂಬೆ ಕೂರಿಸುವ ಮೊದಲು ದೋಷ ಎಲ್ಲಿದೆ ನೋಡಿ. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಟ್ರೈಪಾಡಿನ ಅಲುಗಾಟ. ಕೊಂಬೆ ಹರಿತವಿದ್ದು ಹಕ್ಕಿ ಮಾತ್ರ ಮಸುಕಾಗಿದ್ದರೆ ಫೋಕಸ್ ತಪ್ಪಿದೆ, ಇಲ್ಲವೇ ತಲೆ ತಿರುಗಿದೆ. ಗೂಬೆಯ ಕಣ್ಣು ಗುಣಿಯಲ್ಲಿ ಹೊರಳುವುದಿಲ್ಲ, ನೋಡಬೇಕೆಂದರೆ ತಲೆಯನ್ನೇ ತಿರುಗಿಸುತ್ತದೆ, ಅದೂ ಸರಕ್ಕನೆ. ಇಡೀ ಚಿತ್ರ ಹಾಲಿನಂತೆ ಮಬ್ಬಾಗಿದ್ದರೆ ಲೆನ್ಸಿನ ಗಾಜಿನ ಮೇಲೆ ಇಬ್ಬನಿ. ಎಸಿ ಕೋಣೆಯಿಂದ ನೇರವಾಗಿ ನಸುಕಿನ ತೇವಕ್ಕೆ ತಂದರೆ ಹೀಗಾಗುತ್ತದೆ. ಹೊರಡುವ ಅರ್ಧ ಗಂಟೆ ಮೊದಲೇ ಚೀಲವನ್ನು ಮುಚ್ಚಿದಂತೆಯೇ ಜಗಲಿಯಲ್ಲಿಡಿ.

ಸಂಜೆಯ ಇಪ್ಪತ್ತು ನಿಮಿಷ

ಯುರೋಪಿನ ಮಾರ್ಗದರ್ಶಿಗಳು ಗಂಟೆಗಟ್ಟಲೆಯ ಮುಸ್ಸಂಜೆಯ ಬಗ್ಗೆ ಬರೆಯುತ್ತವೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಬಹುತೇಕ ನೆಟ್ಟಗೆ ಇಳಿಯುವುದರಿಂದ, ಮುಳುಗಿದ ಮೇಲೆ ಕೆಲಸಕ್ಕೆ ಬರುವ ಬೆಳಕು ಸುಮಾರು ಇಪ್ಪತ್ತು ನಿಮಿಷ, ಕಾಡಿನೊಳಗೆ ಅದರ ಅರ್ಧ. ಹಾಗಾಗಿ ಎಲ್ಲವೂ ಮೊದಲೇ ಸಿದ್ಧವಿರಬೇಕು. ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮುಂಚೆ ಬಂದು, 25 ಮೀಟರು ದೂರದಲ್ಲಿ, ತಂಗುಕೊಂಬೆಯಷ್ಟೇ ಅಲ್ಲದೆ ಅದರಿಂದ ಹೊರಬರುವ ದಾರಿಯೂ ಕಾಣುವಲ್ಲಿ ಕಡಿಮೆ ಎತ್ತರದ ಸ್ಟೂಲಿನ ಮೇಲೆ ಕೂತುಬಿಡಿ. ಆಮೇಲೆ ಏಳಬೇಡಿ.

ಏಳುವ ಗೂಬೆಗೆ ಒಂದು ದಿನಚರಿಯಿದೆ, ಅದು ಗೊತ್ತಿದ್ದವರಿಗೆ ಒಳ್ಳೆಯ ಚಿತ್ರಗಳೆಲ್ಲ ಇಲ್ಲೇ. ಮೊದಲು ಕಣ್ಣು ಬಿಟ್ಟು ಸುತ್ತ ನೋಡುತ್ತದೆ. ಗರಿ ತಿದ್ದುತ್ತದೆ. ಒಂದೇ ಮಗ್ಗುಲಿನ ರೆಕ್ಕೆ, ಕಾಲನ್ನು ಕೆಳಕ್ಕೆ ಚಾಚುತ್ತದೆ, ಆಮೇಲೆ ಎರಡೂ ರೆಕ್ಕೆಗಳನ್ನು ಬೆನ್ನ ಮೇಲೆ ಕಮಾನಿನಂತೆ ಎತ್ತುತ್ತದೆ. ಮೈಯೆಲ್ಲ ಕೆದರಿ ಕೊಡವುತ್ತದೆ. ಆಕಳಿಸಿದಂತೆ ಬಾಯಿ ತೆರೆದು ತಲೆ ಅಲುಗಿಸಿದರೆ ಉಂಡೆ ಕಕ್ಕಲಿದೆ. ಹಿಕ್ಕೆ ಹಾಕಿ ಮುಂದಕ್ಕೆ ಬಾಗಿತೆಂದರೆ ಹಾರಲಿದೆ. ಗರಿ ತಿದ್ದುವವರೆಗೆ 1/60 ಸಾಕು. ಮೊದಲ ಮೈಚಾಚಿಗೆ 1/250ಕ್ಕೆ ಏರಿಸಿ, ಐಎಸ್‌ಒ 12800 ಆದರೂ ಆಗಲಿ. ಹಾರುವುದನ್ನು ಹಿಡಿಯಲು 1/1600 ಬೇಕು. ಆ ಬೆಳಕಿನಲ್ಲಿ ಅದು ಸಾಧ್ಯವಿಲ್ಲ, ಆಸೆ ಬಿಡಿ. ಹಾರಾಟ ಬೇಕಿದ್ದರೆ ಹಗಲಲ್ಲಿ ಓಡಾಡುವ ಜಂಗಲ್ ಔಲೆಟ್, ಇಲ್ಲವೇ ಬೆಳಿಗ್ಗೆ ತಡವಾಗಿ ತಂಗುತಾಣಕ್ಕೆ ಮರಳುವ ಮೀನುಗೂಬೆಯನ್ನು ಕಾಯಬೇಕು.

ಹಕ್ಕಿ ಹೋದ ಮೇಲೆ ಐದು ನಿಮಿಷ ಬಿಟ್ಟು ಏಳಿ. ಟಾರ್ಚು ಈಗ ಹಚ್ಚಬಹುದು, ನೆಲಕ್ಕೆ ಹಿಡಿದು. ಹಾವಿನ ಹೊತ್ತು.

ಜೀಪಿನಿಂದ

ಸಫಾರಿಯಲ್ಲಿ ಹುಲಿಯ ಹಿಂದೆ ಓಡುವ ಜೀಪಿನಲ್ಲಿ ಗೂಬೆಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಹತ್ತುವ ಮೊದಲೇ ಚಾಲಕನಿಗೆ ಹೇಳಿ: ಗೂಬೆ ಸಿಕ್ಕರೆ ಎಂಜಿನ್ ಆಫ್ ಮಾಡಿಸಬೇಕು. ಡೀಸೆಲ್ ಎಂಜಿನ್ನಿನ ನಡುಕದಲ್ಲಿ 1/500 ಕೂಡ ಮಸುಕಾಗುತ್ತದೆ. ಜೊತೆಯವರು ಅಲುಗದಿರುವಂತೆ ಕೇಳಿಕೊಳ್ಳಿ. ಗೂಬೆಗಳು ಜೀಪನ್ನು ಮನುಷ್ಯರಿಗಿಂತ ಚೆನ್ನಾಗಿ ಸಹಿಸುತ್ತವೆ, ಆದರೆ ಎದ್ದು ನಿಂತ ಮನುಷ್ಯರನ್ನಲ್ಲ. ಕಬಿನಿಯಲ್ಲಿ ದೋಣಿ ಸಫಾರಿಯಿಂದ ಮೀನುಗೂಬೆ ಸಿಗಬಹುದು. ಟ್ರೈಪಾಡನ್ನು ದೋಣಿಯ ತಳಕ್ಕೆ ಊರಿದರೆ ಮೋಟಾರಿನ ಕಂಪನವೆಲ್ಲ ಲೆನ್ಸಿಗೆ ಬರುತ್ತದೆ, ಕೈಯಲ್ಲೇ ಹಿಡಿದು 1/640ಕ್ಕೆ ಹೋಗಿ.

ಫ್ಲಾಶ್, ಧ್ವನಿ, ಇಲಿ

ಫಿಲಂ ಕಾಲದಲ್ಲಿ ಐಎಸ್‌ಒ ನೂರೋ ಇನ್ನೂರೋ ಇದ್ದಾಗ ಫ್ಲಾಶ್ ಇಲ್ಲದೆ ದಾರಿಯಿರಲಿಲ್ಲ. ಈಗಿನ ಸೆನ್ಸರುಗಳಿಗೆ ಅದು ಬೇಕಿಲ್ಲ, ಕತ್ತಲಿಗೆ ಅರಳಿದ ಪಾಪೆಗೆ ಎದುರಿನಿಂದ ಬೆಳಕು ಹೊಡೆಯುವ ಅಗತ್ಯವೂ ಇಲ್ಲ. ಮೊಬೈಲಿನಿಂದ ಕೂಗು ನುಡಿಸುವುದು ಬೇಡ. ಬಂದ ಹಕ್ಕಿ ತನ್ನ ಗಡಿಗೆ ಬಂದ ವೈರಿಯನ್ನು ಹುಡುಕಿ ಬಂದಿರುತ್ತದೆ. ಜೋಡಿ, ಮೊಟ್ಟೆ ಬಿಟ್ಟು ಬಂದಿರಲೂಬಹುದು. ಕಟ್ಟಿಹಾಕಿದ ಇಲಿಯ ಮೇಲೆ ಎರಗುವ ಚಿತ್ರಗಳನ್ನು ಪಳಗಿದ ಕಣ್ಣು ತಕ್ಷಣ ಗುರುತಿಸುತ್ತದೆ: ಎದುರಿನ ಕೋನ, ಸ್ವಚ್ಛ ಹಿನ್ನೆಲೆ, ನೆಲದ ಮೇಲೆ ಓಡದೆ ಕೂತ ಇಲಿ. ಅಂಥವಕ್ಕೆ ಬಹುಮಾನ ಕೊಡುವ ಕಾಲ ಮುಗಿದಿದೆ.

ತಿದ್ದುವುದು, ಹಂಚುವುದು

ರಾ ಕಡತದಲ್ಲೇ, ಅಂದರೆ ಕ್ಯಾಮೆರಾ ತಾನೇ ತಿದ್ದದೆ ಉಳಿಸುವ ಕಡತದಲ್ಲೇ ತೆಗೆಯಿರಿ. ಎಲೆಯಡಿಯ ಬೆಳಕು ಹಸಿರಾಗಿರುತ್ತದೆ, ಬೂದು ಗರಿಗೂ ಪಾಚಿ ಬಣ್ಣ ಬರುತ್ತದೆ. ಟಿಂಟ್ ಪಟ್ಟಿಯನ್ನು ಕೆನ್ನೇರಳೆಯ ಕಡೆಗೆ ಹತ್ತಿಪ್ಪತ್ತು ಅಂಕ ಸರಿಸಿ, ಕೊಂಬೆಯ ಒಣ ತೊಗಟೆ ತೊಗಟೆಯ ಬಣ್ಣಕ್ಕೆ ಬರುವವರೆಗೆ. ನಾಯ್ಸ್ ತೆಗೆಯುವ ತಂತ್ರಾಂಶ ಮೊದಲು, ಹರಿತಗೊಳಿಸುವುದು ಕೊನೆಗೆ. ಜಂಗಲ್ ಔಲೆಟ್ಟಿನ ಅಡ್ಡಪಟ್ಟೆಗಳು ಪ್ಲಾಸ್ಟಿಕ್ಕಿನಂತೆ ಕಂಡರೆ ಎರಡೂ ಅತಿಯಾಗಿದೆ. ಕಣ್ಣಿನ ಹಳದಿಯನ್ನು ಏರಿಸುವ ಚಟಕ್ಕೆ ಬೀಳಬೇಡಿ.

ಹಂಚುವ ಮೊದಲು ಕಡತದಿಂದ ಜಿಪಿಎಸ್ ಮಾಹಿತಿ ಅಳಿಸಿ. ಅಡಿಬರಹದಲ್ಲಿ ಜಿಲ್ಲೆಗಿಂತ ಹೆಚ್ಚು ಬರೆಯಬೇಡಿ, ಚಿತ್ರದೊಳಗೆ ದೇವಸ್ಥಾನದ ಗೋಪುರ, ಮೈಲಿಗಲ್ಲು, ರೆಸಾರ್ಟಿನ ಬೇಲಿಯೂ ಇರಬಾರದು. ಇಬರ್ಡ್‌ನಲ್ಲಿ (ಹಕ್ಕಿ ಕಂಡದ್ದನ್ನು ದಾಖಲಿಸುವ ಜಾಲತಾಣ) ಪಟ್ಟಿ ಹಾಕುವವರಿಗೆ ಅದನ್ನು ಸಾರ್ವಜನಿಕರಿಗೆ ಕಾಣದಂತೆ ಮರೆಮಾಡುವ ಆಯ್ಕೆಯಿದೆ. ವಾಟ್ಸಾಪ್ ಗುಂಪಿನಲ್ಲಿ ಲೊಕೇಶನ್ ಕೇಳುವ ಗೆಳೆಯರಿಗೂ ಕೊಡಬೇಡಿ. ಒಬ್ಬರಿಗೆ ಕೊಟ್ಟದ್ದು ಭಾನುವಾರದ ಹೊತ್ತಿಗೆ ಹತ್ತಾರು ಮಂದಿಗೆ ತಲುಪಿ, ಮರದ ಕೆಳಗೆ ಕಾರುಗಳು ನಿಂತಿರುತ್ತವೆ. ಅದಕ್ಕಿಂತ ಕೆಟ್ಟದ್ದು, ಮಾಟಮಂತ್ರಕ್ಕೆಂದು ಗೂಬೆ ಹಿಡಿದು ಮಾರುವವರಿದ್ದಾರೆ, ದೀಪಾವಳಿ ಅಮಾವಾಸ್ಯೆಯ ಆಸುಪಾಸಿನಲ್ಲಿ ಆ ಬೇಡಿಕೆ ಏರುತ್ತದೆ. ಆ ವಾರಗಳಲ್ಲಿ ಹೊಸ ಗೂಬೆಯ ಚಿತ್ರಗಳನ್ನು ಹಾಕುವುದನ್ನೇ ನಿಲ್ಲಿಸಿ, ಬೇಸಿಗೆಗೆ ಇಟ್ಟುಕೊಳ್ಳಿ. ಬಲೆ, ಅಂಟುಕಡ್ಡಿ, ಪೊಟರೆಯ ಬಾಯಿ ಕೊಯ್ದ ಗುರುತು ಕಂಡರೆ ಫೋಟೊ ತೆಗೆದು, ಜಾಗ ಬರೆದುಕೊಂಡು ಸಮೀಪದ ವಲಯ ಅರಣ್ಯಾಧಿಕಾರಿಗೆ ಅವತ್ತೇ ತಿಳಿಸಿ; ಜಿಪಿಎಸ್ ಅಳಿಸದೆ ಕಳಿಸಬೇಕಾದ ಚಿತ್ರ ಅದೊಂದೇ.